ಚಳ್ಳಕೆರೆ ಬಸ್ಸು ಹೋದ ಮೇಲೆ

ಕೊನೇ ಬಸ್ಸು ಹೋಯ್ತೇನಪ್ಪ? ಹೋಗಲಿ ಬಿಡು.
ಆ ಕೋಳಿಮರಿ ಬುಟ್ಟಿ ಒಂಚೂರು ಆಚೆ ಸರಿಸು,
ಕಂಬಳಿ ಹಾಸ್ತೀನಿ.
ದುರ್ಗದ ಬಸ್‌ಸ್ಟ್ಯಾಂಡು, ಈ ಹದಿನೈದು ದಿನದಲ್ಲಿ
ನಾನು ಮಲಗೋ ನಾಲ್ಕನೇ ನೆಲ.

ಎಲ್ಲಿಂದ ಅಂತ ಕೇಳಿದೆಯಲ್ಲ,
ಅರ್ಜೆಂಟೈನಾದಿಂದ. ನಗಬೇಡ.
ಅಲ್ಲಿ ಕುರಿ ಅವೆ ಕಣಪ್ಪ, ಮನುಷ್ಯರಿಗಿಂತ ಜಾಸ್ತಿ.
ಉಣ್ಣೆ ಮೇಳಕ್ಕೆ ನಮ್ಮ ಸಂಘದಿಂದ ಇಬ್ಬರನ್ನ ಕರೆದಿದ್ರು.
ಇಂಗ್ಲಿಷು ಬರುತ್ತಿದ್ದ ಶಾಹೀನಕ್ಕಂಗೆ ವೀಸಾ ಬರಲಿಲ್ಲ,
ಏನೂ ಬಾರದ ನನಗೆ ಬಂತು.

ಸಮುದ್ರ ದಾಟಿದ್ದೇನು ಕಷ್ಟ ಅಲ್ಲ.
ಕೂರಿಸ್ತಾರೆ, ಬೆಲ್ಟು ಬಿಗೀತಾರೆ, ಡಬ್ಬಿಯಲ್ಲಿ ಅನ್ನ ಕೊಡ್ತಾರೆ,
ಉಚ್ಚೆಗೆ ಹೋಗಬೇಕಂದ್ರೆ ಮಾತ್ರ ಇಬ್ಬರು ಗಂಡಸರ ಮಂಡಿ ದಾಟಬೇಕು.
ಇಳಿದ ಮೇಲೆ ಶುರುವಾಯ್ತು ನೋಡು.
ಒಂದೇ ಊರಿಗೆ ಎರಡು ಏರ್‌ಪೋರ್ಟು!
ದೇಶಕ್ಕೆ ಬರೋದು ಒಂದು, ದೇಶದೊಳಗೆ ಓಡಾಡೋದು ಇನ್ನೊಂದು,
ನಡುವೆ ಊರಿಗೆ ಊರೇ ಅಡ್ಡ ಮಲಗೈತೆ.
ಇಳಿದ ಕಡೇನೇ ಕೂತೆ ನಾನು ಮೂರು ತಾಸು,
ಕರೀತಾರೆ, ಈಗ ಕರೀತಾರೆ ಅಂತ.
ಕರೆದರೋ ಏನೋ,
ಅವರ ಬಾಯಲ್ಲಿ ಗಾದ್ರಮ್ಮ ಅನ್ನೋದು
ಗಾದ್ರಮ್ಮ ಆಗೇ ಉಳಿದೀತಾ?

ಹುಣಸೆಬೀಜದ ಗಂಜಿ ಕೊಟ್ಟು ಉಜ್ಜಿದ ಕಂಬಳಿ ಇದು.
ವಾಸನೆಗೆ ಪೊಲೀಸಿನವನು ಬಂದ, ಮೂಸಿದ, ನಾಯಿ ಕರೆಸಿದ.
ನಾಯಿ ಮೂಸಿತು, ಸುತ್ತ ಒಂದು ಸುತ್ತು ಹಾಕಿತು,
ಮಧ್ಯಕ್ಕೆ ಬಂದು ಮಲಗೇಬಿಡ್ತು.
ಎಬ್ಬಿಸೋಕೆ ಅವನಿಗೆ ಸಾಕೋ ಸಾಕಾಯ್ತು.

ಎರಡನೇ ಏರ್‌ಪೋರ್ಟಲ್ಲಿ ಗೋಡೆ ತುಂಬ ಹಲಗೆ.
ಅಕ್ಷರ ಬರಲ್ಲ, ಆದರೆ ಮಗ್ಗದವಳಿಗೆ ಗೀಟು ಗುರುತು ಸಿಗ್ತದೆ.
ಟಿಕೀಟಿನ ಮೇಲೆ ಒಂದು ಏಣಿ, ಒಂದು ಕೊಕ್ಕೆ, ಎರಡು ಬಳೆ.
ಹಲಗೆ ಮೇಲೆ ಅದೇ ಏಣಿ, ಅದೇ ಕೊಕ್ಕೆ, ಅದೇ ಬಳೆ
ಹುಡುಕಿ ಹುಡುಕಿ ಸಿಕ್ಕಿದ್ದೇ ತಡ
ಆ ಸಾಲು ಕೆಂಪಗಾಯ್ತು.

ಕೌಂಟರಿನ ಹುಡುಗಿ ಏನೇನೋ ಹೇಳಿದಳು,
ನಾನೂ ಏನೇನೋ ಹೇಳಿದೆ.
ಕಡೆಗೆ ಅವಳು ಕೆನ್ನೆ ಉಬ್ಬಿಸಿ ಉಫ್ ಅಂತ ಊದಿ
ಅಂಗೈಯನ್ನ ವಿಮಾನ ಮಾಡಿ ಗಡಗಡ ಅಲ್ಲಾಡಿಸಿ
ವಿಯೆಂತೊ, ಅಂದಳು.
ಗಾಳೀ! ಅಂದೆ.
ಗಾಳಿ ಗೊತ್ತಿಲ್ಲದೆ ದುರ್ಗದ ಸೀಮೆಯಲ್ಲಿ ಯಾರು ಬೆಳೆದಾರು?
ನಮ್ಮಲ್ಲಿ ಗಾಳಿ ಬಂದ್ರೆ ಗುಡ್ಡದ ಮೇಲೆ ಫ್ಯಾನು ತಿರುಗ್ತವೆ,
ಅಲ್ಲಿ ಗಾಳಿ ಬಂದ್ರೆ ವಿಮಾನ ನಿಲ್ತವೆ.

ನಿಂತವು, ಎರಡು ರಾತ್ರಿ.
ಚಕ್ಕುಲಿ ಮುಗೀತು, ಹುರಿಗಡಲೆ ಅರ್ಧ ಸೇರು ಇತ್ತು.
ಎರಡನೇ ರಾತ್ರಿ ನೆಲ ಒರೆಸೋ ಹೆಂಗಸು ಬಂದಳು,
ಏಳು ಅಂತಾಳೆ ಅಂದ್ಕೊಂಡೆ.
ಮೆಟ್ಟು ಬಿಟ್ಟು ಕಂಬಳಿ ಅಂಚಿಗೆ ಕೂತು
ಹೊಕ್ಕಿನ ಎಳೆ ಒಂದೊಂದೇ ಎಣಿಸೋಕೆ ಹತ್ತಿದಳು.
ಅವಳವ್ವ ನೇಯ್ತಿದ್ದಳೋ ಏನೋ,
ಇಲ್ಲಾ ಸುಮ್ಮನೆ ಕೈ ಬೇಸರವೋ,
ಕೇಳೋಕೆ ಪದ ಬೇಕಲ್ಲ.
ನನ್ನ ಹತ್ತಿರ ಇದ್ದದ್ದು ಒಂದೇ, ಅದನ್ನೇ ಅಂದೆ:
ವಿಯೆಂತೊ.
ಸೀ, ವಿಯೆಂತೊ, ಅಂದಳು, ಊದಿದಳು.
ಕಡಲೆ ಕೊಟ್ಟೆ. ತಿಂದಳು.

ಮೇಳ ಮುಟ್ಟಿದಾಗ ಚಪ್ಪರ ಬಿಚ್ಚುತ್ತಿದ್ದರು.
ಕುರಿ ನೋಡಿದ್ದು ವ್ಯಾನಿನ ಕಿಟಕಿಯಿಂದ, ದೂರದಲ್ಲಿ,
ಚೆಲ್ಲಿದ ಮಂಡಕ್ಕಿ ಥರ.
ಇದನ್ನ ನಮ್ಮೂರಲ್ಲಿ ಯಾರಿಗೂ ಹೇಳಬೇಡ.

ಈಗ ಅಲ್ಲಿ ಎನ್‌ಕ್ವೈರಿಯಲ್ಲಿ ಕೂತಿದಾನಲ್ಲ, ಅವನ್ನ ಕೇಳಿದೆ,
ಅಚ್ಚ ಕನ್ನಡದಲ್ಲೇ,
ಬಸ್ಸು ಯಾಕಪ್ಪ ಇಷ್ಟು ಬೇಗ ಹೋಯ್ತು ಅಂತ.
ಫೋನಿಂದ ತಲೆ ಎತ್ತದೆ, ಹೋಯ್ತು, ಅಂದ.
ಅಷ್ಟೇ.
ಆ ಹುಡುಗಿ ಊದಿಯಾದರೂ ತೋರಿಸಿದ್ದಳು.

ಮರಿ ಚಿಂವ್ ಚಿಂವ್ ಅಂತಾವೆ ನೋಡು, ಥಂಡಿ ಹತ್ತೈತೆ.
ಬುಟ್ಟಿ ಈಚೆ ಎಳಿ.
ಕಂಬಳಿ ಅಗಲ ಐತೆ.