ಮುಷ್ಟಿ ಅಂದರೆ ನಿಲ್ಲು

ಕ್ಲೈಪೆಡಾ ಬಂದರಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಕ್ರೇನಿನ ಗೂಡಿನಲ್ಲಿ ಕೂತವನು ನಾನು.
ಅಷ್ಟೆತ್ತರಕ್ಕೆ ಮಾತು ಏರುವುದಿಲ್ಲ,
ಗಾಳಿ ಅರ್ಧ ದಾರಿಯಲ್ಲೇ ಕಿತ್ತುಕೊಳ್ಳುತ್ತದೆ.
ಕೆಳಗೆ ಹಳದಿ ಟೊಪ್ಪಿಯವನ ಕೈಯಷ್ಟೇ ಮಾತು:
ಬೆರಳು ಮೇಲೆ ಮಾಡಿ ತಿರುಗಿಸಿದರೆ, ಎತ್ತು.
ಬೆರಳು ಕೆಳಗಾದರೆ, ಇಳಿಸು.
ಮುಷ್ಟಿ ಕಟ್ಟಿದರೆ
ನಿಲ್ಲು. ಇದ್ದಲ್ಲೇ. ಉಸಿರೂ ಸಮೇತ.

ನಾಯಿಗೂ ಅದನ್ನೇ ಕಲಿಸಿದೆ.
ಹೆಸರು ರೂದಿಸ್, ಅಂದರೆ ಕೆಂಚ;
ಮೀನುಪೇಟೆಯ ಹಿಂದೆ ಸಿಕ್ಕವನು, ಒಂದು ಕಿವಿ ಮಡಿಚಿದವನು,
ತಾಯಿ ಯಾರು ತಂದೆ ಯಾರು ಕೇಳಬಾರದ ಜಾತಿ.
ಅಡುಗೆಮನೆಯಲ್ಲಿ, ಒಲೆಗೂ ಫ್ರಿಜ್ಜಿಗೂ ನಡುವಿನ
ನಾಲ್ಕು ಹೆಜ್ಜೆ ಜಾಗದಲ್ಲಿ
ಒಂದು ಚಳಿಗಾಲ ಪೂರ್ತಿ,
ಹೊಗೆಮೀನಿನ ಚರ್ಮ ಲಂಚಕ್ಕಿಟ್ಟು.
ಬೆರಳು ತಿರುಗಿದರೆ ಏಳುವನು.
ಬೆರಳು ಇಳಿದರೆ ಮಲಗುವನು.
ಮುಷ್ಟಿ ಕಂಡರೆ ಎತ್ತಿದ ಕಾಲೂ ಗಾಳಿಯಲ್ಲೇ.

ಔಶ್ರಾಗೆ ಸಮಾಧಾನವಿಲ್ಲ.
"ನಾಯಿಯೋ ಅದು, ಕಂಟೇನರೋ?
ನಾಳೆ ನಾನು ಕರೆದರೆ ಬರುತ್ತದೆಯೇ?
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು
ನನ್ನನ್ನೇ ನೋಡುತ್ತ ಹೇಳಿ
ಶನಿವಾರದ ಕ್ಲಾಸಿಗೆ ಹಣ ಕಟ್ಟಿ ಬಂದಳು:
ಎಂಟು ವಾರ, ತೊಂಬತ್ತು ಯೂರೋ,
ಮಳೆ ಬಂದರೂ ರಜೆಯಿಲ್ಲ.

ಶಾಲೆಯ ಹಿಂದಿನ ಮೈದಾನ. ಹನ್ನೊಂದು ನಾಯಿ.
ಸೊಂಟಕ್ಕೆ ಒಣ ಲಿವರಿನ ಚೀಲ ಕಟ್ಟಿದ ಯೂರ್ಗಿತಾ,
ನನ್ನ ಮಗಳಿಗಿಂತ ಚಿಕ್ಕವಳು, ಕೂಗಿದಳು:
"ಕೈ ಜೇಬಿನಲ್ಲಿರಲಿ, ಗಿಂತೌತಾಸ್. ದನಿ ಬಳಸಿ.
ಖುಷಿಯ ದನಿ!"
ಅದನ್ನು ಎಲ್ಲಿಂದ ತರಲಿ?
"ಕೂರು" ಅಂದೆ.
ಸುಂಕದ ಕಟ್ಟೆಯವನ ದನಿ, ಎಂದು ನಕ್ಕಳು ಔಶ್ರಾ.
ಪಕ್ಕದ ಹಲ್ಲಿನ ಡಾಕ್ಟರಮ್ಮನ ಪೂಡಲ್ ಕೂತಿತು.
ಕೆಂಚ ಮಾತ್ರ ನನ್ನ ಜೇಬನ್ನೇ ನೋಡುತ್ತಿದ್ದ,
ಒಳಗೆ ಯಾರೋ ಪರಿಚಯದವರು
ಸಿಕ್ಕಿಹಾಕಿಕೊಂಡ ಹಾಗೆ.

ಆಮೇಲೆ ಮೂರು ಶನಿವಾರ ತಪ್ಪಿಸಿದೆ.
ಸೊಂಟ ನೋವೆಂದೆ, ಓವರ್‌ಟೈಮ್ ಎಂದೆ,
ನಾಯಿಗೆ ಭೇದಿ ಎಂದೆ; ನಾವಿಬ್ಬರೂ
ಹಿನ್ನೀರಿನ ದಂಡೆಯಲ್ಲಿ ಕೊಕ್ಕರೆ ಎಣಿಸುತ್ತಿದ್ದೆವು.
ಯೂರ್ಗಿತಾ ಫೋನು ಮಾಡಿದಳು. ಎತ್ತಿದವಳು ಔಶ್ರಾ.

ಆ ರಾತ್ರಿಯ ಜಗಳ
ಕ್ಲಾಸಿನಿಂದ ಶುರುವಾಗಿ ತೊಂಬತ್ತು ಯೂರೋಗೆ, ಅಲ್ಲಿಂದ
ಅವಳ ತಂಗಿಗೆ, ಮಾರಿದ ದೋಣಿಗೆ,
ಮದುವೆಯ ದಿನ ನಾನು ಕುಡಿದದ್ದಕ್ಕೆ ಹಾರಿತು.
ಹೊಡೆಯುವವನಲ್ಲ ನಾನು. ಒಮ್ಮೆಯೂ ಇಲ್ಲ. ಅವಳನ್ನೇ ಕೇಳಿ.
ಆದರೆ ಬಲಗೈ ಅದರ ಪಾಡಿಗೆ ಮಡಿಚಿಕೊಳ್ಳುತ್ತದೆ,
ಮೇಜಿನಂಚಿನ ಕೆಳಗೆ, ನನಗೆ ಗೊತ್ತಾಗುವ ಮೊದಲೇ.

ನೀರು ಕುಡಿಯಲು ಹೊರಟಿದ್ದ ಕೆಂಚ
ನಿಂತ.
ಮುಂಗಾಲೊಂದು ಎತ್ತಿದ್ದು ಎತ್ತಿದ ಹಾಗೇ.
ಕಣ್ಣು ನನ್ನ ಮುಷ್ಟಿಯ ಮೇಲೆ.
ಔಶ್ರಾ ಅವನನ್ನು ನೋಡಿದಳು.
ಅವನ ನೋಟದ ಜಾಡು ಹಿಡಿದು ಮೇಜಿನ ಕೆಳಗೆ ನೋಡಿದಳು.
ಅರ್ಧ ವಾಕ್ಯದಲ್ಲಿ ಬಾಯಿ ಮುಚ್ಚಿದಳು.
ಇಷ್ಟು ವರ್ಷ ಅವಳೂ ಹೀಗೆಯೇ
ನಿಲ್ಲುತ್ತಿದ್ದಳೇನೋ. ನಾನು
ಮೇಲೆ ಗೂಡಿನಲ್ಲಿ ಕೂತು ಗಮನಿಸಿರಲಿಲ್ಲ.

ಫ್ರಿಜ್ಜು ಗುರ್ ಎನ್ನುತ್ತಿತ್ತು.
ಕೆಂಚನ ಎತ್ತಿದ ಕಾಲು ನಡುಗತೊಡಗಿತು.
ಒಂದೊಂದೇ ಬೆರಳು ಬಿಚ್ಚಿದೆ, ಕಿರುಬೆರಳಿಂದ,
ಭಾರ ಹೊತ್ತ ಹಗ್ಗ ಸಡಿಲಿಸುವ ಹಾಗೆ.
ಅವನು ಹೋಗಿ ನೀರು ಕುಡಿದ, ಲೊಚಲೊಚ ಸದ್ದು ಮಾಡುತ್ತ,
ಬಹಳ ಹೊತ್ತು.

ಶನಿವಾರ ಮತ್ತೆ ಹೋದೆವು. ಉಳಿದದ್ದು ನಾಲ್ಕು ಕ್ಲಾಸು.
"ಬಾ" ಅನ್ನುವ ಒಂದಕ್ಷರವನ್ನು
ಯೂರ್ಗಿತಾ ನನ್ನಿಂದ ಇಪ್ಪತ್ತು ಸಲ ಹೇಳಿಸಿದಳು.
ಹನ್ನೆರಡನೆಯದಕ್ಕೆ ಕೆಂಚ ಒಂದು ಹೆಜ್ಜೆ ಬಂದ,
ಕೂತು ಕಿವಿ ತುರಿಸಿಕೊಂಡ.
ಬೇಲಿಯಾಚೆ ಛತ್ರಿ ಹಿಡಿದು ನಿಂತ ಔಶ್ರಾ
"ಇನ್ನೂ ಸುಂಕದ ಕಟ್ಟೆ!" ಎಂದು ಕೂಗಿದಳು.
ಗಂಟಲು ಸರಿಮಾಡಿಕೊಂಡೆ.
ಕೈ ಜೇಬಿನಲ್ಲಿತ್ತು, ಬಿಚ್ಚಿದ್ದು,
ಲಿವರಿನ ಪುಡಿ ಮೆತ್ತಿಕೊಂಡು.