ಭೋಸರಿಯಲ್ಲಿ ಗಾಡಿ ನೋಡಿದ್ದು

ತಾಂಬೋಳಿ ಮೊದಲು ದೀಪ ತೋರಿಸಿದ.
ನೀಲಿ, ನೇರಳೆ, ಮನಸ್ಸಿದ್ದರೆ ಗುಲಾಬಿ,
ಎಲ್ಲ ರಿಮೋಟಿನಲ್ಲೇ.
ನಾನು ನಲ್ಲಿ ತಿರುಗಿಸಿದೆ.
ಗಾಳಿ ಕೆಮ್ಮಿತು.

"ಟ್ಯಾಂಕಿ ಎಷ್ಟು ಲೀಟರು?"
"ತೊಂಬತ್ತು, ಮೌಶಿ. ಇಬ್ಬರಿಗೆ ಧಾರಾಳ."
ನೀರಿನ ಪಕ್ಕದಲ್ಲಿ ಆ ಮಾತು ಇಡಬೇಡಪ್ಪ.
ನಾವಿದ್ದದ್ದು ಕಳವಾದಲ್ಲಿ,
ಕನ್ನಡದ ಕಿವಿಗೆ ತಕ್ಕ ಹೆಸರು,
ಅಲ್ಲಿ ನಿದ್ದೆಯೇ ಕಳವು:
ನಾಲ್ಕೂವರೆಗೆ ನೀರು, ಐದಕ್ಕೆ ಬಂದ್,
ಅಕ್ಕಿ ತೊಳೆದ ನೀರಿಗೂ
ಮುಂದೊಂದು ನೌಕರಿ ಕಾದಿರುತ್ತಿತ್ತು.

"ತೊಳೆದ ನೀರು ಎಲ್ಲಿಗೆ ಹೋಗುತ್ತೆ?"
ಅವನು ಟೀವಿ ತೋರಿಸಿದ.
ಇನ್ನೊಮ್ಮೆ ಕೇಳಿದೆ.
ಬಗ್ಗಿ, ಗಾಡಿಯ ಅಡಿಗೆ ಟಾರ್ಚು ಬಿಟ್ಟು
ಹೇಳಿದ: ಮೂವತ್ತು.
ತೊಂಬತ್ತು ಬಂದು ಮೂವತ್ತು ಹೋದರೆ
ಉಳಿದ ಅರವತ್ತನ್ನು
ನಾವು ಹೊಟ್ಟೆಗೆ ಹಾಕಿಕೊಳ್ಳಬೇಕೇನು?
ಬ್ರೋಷರಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದುಕೊಂಡ.

ಆಮೇಲೆ ಮಡಚುವ ಆಟ.
ಮೇಜು ಮಂಚವಾಯಿತು, ಮಂಚ ಗೋಡೆಯಾಯಿತು,
ಗೋಡೆಯೊಳಗಿಂದ ಇಸ್ತ್ರಿ ಹಲಗೆ.
ಸುಲಭಾ ಗಾವಡೆಗೆ ನಗು ತಡೆಯಲಿಲ್ಲ.
ಅವಳ ಹತ್ತು-ಹನ್ನೆರಡರ ಖೋಲಿಯಲ್ಲಿ
ಒಂದೇ ವರ್ಷ ನಡೆದದ್ದು:
ನಾದಿನಿಯ ಬಾಣಂತನ, ಮಾವನ ಸಾವು,
ಮಗನ ಹತ್ತನೇ ಕ್ಲಾಸು,
ಸಾಲದ್ದಕ್ಕೆ ಪಕ್ಕದವರ ಫ್ರಿಜ್ಜು,
ಅವರಲ್ಲಿ ಜಾಗವಿಲ್ಲವೆಂದು.
"ಮಡಚೋದನ್ನು ನಮಗೆ ಕಲಿಸ್ತೀಯಾ, ಬಾಳಾ?
ಮಡಚಲು ಬಾರದ್ದೇನಾದರೂ ಇದ್ದರೆ ತೋರಿಸು."

ಅವನು ಯೋಚಿಸಿದ.
ಡ್ರೈವರ್ ಸೀಟು, ಅಂದ.

ನಮ್ಮ ಲೆಕ್ಕವೇ ಬೇರೆ.
ಮೊದಲ ಮೆಟ್ಟಿಲು ನೆಲದಿಂದ ಎಷ್ಟು:
ಗೇಣಿನಲ್ಲಿ ಅಳೆದೆ, ಒಂದೂವರೆ;
ಸುಲಭಾಳ ಎಡಮಂಡಿ ಒಂದಕ್ಕಿಂತ ಹೆಚ್ಚಿಗೆ ಒಪ್ಪದು.
ಒಲೆಯ ಮೇಲೊಂದು ಕಿಂಡಿ ಇಲ್ಲದಿದ್ದರೆ
ಒಗ್ಗರಣೆ ಬಂದು ಹಾಸಿಗೆಯಲ್ಲಿ ಮಲಗುತ್ತದೆ.
ಕಕ್ಕಸಿನ ಬಾಗಿಲು ಒಳಕ್ಕೆ ತೆರೆಯುತ್ತದೆ;
ಬಿದ್ದವಳೇ ಬಾಗಿಲಿಗೆ ಅಡ್ಡವಾದರೆ
ಹೊರಗಿದ್ದವಳು ಯಾರನ್ನು ಕೂಗಬೇಕು,
ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ?
ಹೊರಕ್ಕೆ ಮಾಡಿಸು.
ಚಿಲಕ ಒಳಗಿನಿಂದ ಎರಡು.
ತಲೆದಿಂಬಿನ ಹತ್ತಿರ ಕಿಟಕಿ,
ನಿಜವಾಗಿ ತೆರೆಯುವಂಥದ್ದು.
ಆ ನೀಲಿ ದೀಪ ಕಿತ್ತರೆ ಎಷ್ಟು ಕಡಿಮೆಯಾಗುತ್ತೆ?

ವಿ.ಟಿ.ಯ ರೈಲ್ವೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಮೂವತ್ತೊಂದು ವರ್ಷ ಅಕ್ಕಪಕ್ಕದ ಕುರ್ಚಿ ನಮ್ಮದು.
ರೈಲಿನ ಪಾಸಿದೆ, ಪುಕ್ಕಟೆ;
ಈ ವಯಸ್ಸಿನಲ್ಲಿ ಇದ್ಯಾಕೆ ಅಂತ ಅವಳ ಮಗ.
ಮಗನಿಗೆ ಹೇಗೆ ಹೇಳೋದು
ಲೇಡೀಸ್ ಡಬ್ಬಿಯ ನಾಲ್ಕನೇ ಸೀಟನ್ನು:
ಅರ್ಧ ಹಲಗೆಯ ಮೇಲೆ, ಅರ್ಧ ಗಾಳಿಯಲ್ಲಿ.
ಅದಕ್ಕೂ ಕೇಳುವವರು, ದಿನಾ,
"ಎಲ್ಲಿ ಇಳೀತೀರಿ?"
ಇಳಿಯುವ ಸ್ಟೇಷನ್ನಿನಿಂದಲೇ ನಮಗೆ ಬೆಲೆ.
ಬೇಗ ಇಳಿಯುವವಳು ಎಲ್ಲರಿಗೂ ಬೇಕಾದವಳು.

ಸುಲಭಾ ಹೋಗಿ ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತಳು.
ಪೂರ್ತಿ ಕೂತಳು.
ಬ್ಯಾಗನ್ನು ತೊಡೆಯಿಂದ ತೆಗೆದು ಪಕ್ಕಕ್ಕಿಟ್ಟಳು.
ಎದುರಿಗಿದ್ದ ಶೆಡ್ಡಿನ ತಗಡಿನ ಗೋಡೆಯನ್ನು
ಬಹಳ ಹೊತ್ತು ನೋಡಿದಳು,
ಅದು ಹಿಂದಕ್ಕೆ ಓಡುತ್ತಿರುವಂತೆ.
"ಗಾಡಿ ಓಡಿಸೋದು ಯಾರು?" ತಾಂಬೋಳಿ ಕೇಳಿದ.
ನಾನು, ಅಂದೆ.
ಲೈಸೆನ್ಸು ಕೈಗೆ ಬಂದು ಹನ್ನೊಂದು ದಿನ.
ಅದನ್ನು ಹೇಳಲಿಲ್ಲ.

ಮುಂಗಡ ಕೊಡಲಿಲ್ಲ. ಬೇಡ ಎಂದೂ ಅನ್ನಲಿಲ್ಲ.
ವಾಪಸು ರೈಲಿನಲ್ಲಿ, ಲೋಣಾವಳದ ಹತ್ತಿರ,
ನಿಂತಿದ್ದ ಹುಡುಗಿಯೊಬ್ಬಳು ಬಾಗಿ ಕೇಳಿದಳು.
ಇಬ್ಬರೂ ಒಂದೇ ಉಸಿರಿಗೆ "ಠಾಣೆ" ಅಂದೆವು,
ಸರಿದು ಅವಳಿಗೆ ಅರ್ಧ ಜಾಗ ಕೊಟ್ಟೆವು.

ಕರ್ಜತ್ ದಾಟಿದ ಮೇಲೆ ಸುಲಭಾ ಹಣೆ ಚಚ್ಚಿಕೊಂಡಳು:
ಬಟ್ಟೆ ಒಣಹಾಕುವ ಹಗ್ಗ
ಎಲ್ಲಿಂದ ಎಲ್ಲಿಗೆ,
ಕೇಳಲೇ ಇಲ್ಲ.