ಒಂದು ಗೇಣು ಕೆಳಗೆ

ಜೇನುಕಲ್ಲಮ್ಮ ಕುಳ್ಳಿ.
ಯಾವ ಊರಿನಲ್ಲಿ ನಿಂತರೂ ಮೊದಲ ಮಾತು ಅದೇ:
"ಮೈಕಿನೋನೆ, ಒಂದು ಗೇಣು ಕೆಳಗೆ."
ನಲವತ್ತೆರಡು ವರ್ಷ ಆ ಸ್ಟ್ಯಾಂಡಿನ ತಿರುಪು ಸಡಿಲಿಸಿದವನು ನಾನು.
ಅರಸೀಕೆರೆಯಲ್ಲಿ ನನ್ನದೊಂದು ಸೌಂಡ್ಸ್ ಅಂಗಡಿ,
ಎರಡು ಹಾರ್ನು, ಒಂದು ಆಂಪ್ಲಿಫೈಯರು,
ಮುಟ್ಟಿದರೆ ಜುಮ್ಮೆನ್ನುವ ಒಂದು ವೈರು.

ಮೊದಲು ನೋಡಿದ್ದು ಬಾಣಾವರದ ಮದುವೆಯಲ್ಲಿ.
ಹಸೆಮಣೆ ಪಕ್ಕ ಆರು ಮುದುಕಿಯರು ಸೋಬಾನೆ ಹೇಳುತ್ತಿದ್ದರು.
ನಡುವೆ ಇವಳು, ಹದಿನಾರೋ ಹದಿನೇಳೋ,
ಬೀಗರನ್ನು ಬೈಯುವ ಪದಕ್ಕೆ ಮಾತ್ರ ಬಾಯಿ ತೆರೆದಳು.
ಗಂಡಿನ ಸೋದರಮಾವನ ಮೂಗು, ಓಡದ ಗಡಿಯಾರ,
ಎರವಲು ತಂದ ಕೋಟು,
ಒಂದನ್ನೂ ಬಿಡಲಿಲ್ಲ.
ಆತ ಎಲೆ ಬಿಟ್ಟು ಎದ್ದ. ಕೈ ತೊಳೆದ.
ತಿರುಗಿ ಬಂದು ಐದು ರೂಪಾಯಿ ಕೊಟ್ಟು
"ಇನ್ನೊಂದ್ ಸಲ ಬೈಯವ್ವ" ಅಂದ.

ಆಮೇಲೆ ನಾಟಕದ ಕಂಪನಿ.
ಪರದೆ ಹಿಂದೆ ನಿಂತು, ಹಾಡಲು ಬಾರದ ರಾಜಕುಮಾರಿಗೆ
ಗಂಟಲು ಕೊಟ್ಟಳು.
ಆರೋಗ್ಯ ಇಲಾಖೆಯ ಜೀಪು ಹತ್ತಿ
ಎರಡೇ ಸಾಕು ಅಂತ ಗಂಡಸಿ ಹೋಬಳಿ ಪೂರ್ತಿ ಹಾಡಿದಳು,
ಸೆರಗಿನ ಮರೆಯಲ್ಲಿ ಮೂರನೆಯದು ಒದೆಯುತ್ತಿತ್ತು.
ಅಕ್ಷರ ಕಲಿಯಿರಿ ಅಂತ ಲಾಟೀನಿನ ಬೆಳಕಲ್ಲಿ ಹಾಡಿದಳು,
ಕೈಯಲ್ಲಿದ್ದ ಕಾಗದ ತಲೆಕೆಳಗು.
ನೋಡಿದವನು ನಾನೊಬ್ಬನೇ.
ಚುನಾವಣೆ ಬಂದರೆ ಬೆಳಗ್ಗೆ ಒಬ್ಬರಿಗೆ, ಸಂಜೆ ಇನ್ನೊಬ್ಬರಿಗೆ,
ಧಾಟಿ ಅದೇ, ಗುರುತು ಬೇರೆ.
"ತಪ್ಪಲ್ವಾ?" ಅಂದೆ.
"ನಿನ್ನ ಹಾರ್ನು ಯಾರ ಕಡೇದೋ?" ಅಂದಳು.
ಬಾಡಿಗೆ ಎರಡು ಕಡೆಯಿಂದಲೂ ಬಂದಿತ್ತು. ಸುಮ್ಮನಾದೆ.

ಹಾಸನದ ರೇಡಿಯೋದಲ್ಲಿ ಕೆಂಪು ದೀಪ ಹತ್ತಿತು,
ಇವಳಿಗೆ ಸ್ವರ ಹೊರಡಲಿಲ್ಲ.
ಗಾಜಿನಾಚೆ ಯಾರೋ ಕೈ ಆಡಿಸಿದರು.
"ಎದುರಿಗೆ ಒಂದು ಮುಖ ಇಲ್ಲ, ಯಾರಿಗೇಂತ ಹಾಡ್ಲಿ?"
ಕಸ ಗುಡಿಸುವ ಹೆಂಗಸನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದರು,
ಆಕೆ ಪೊರಕೆಯನ್ನು ಮಡಿಲಲ್ಲಿಟ್ಟುಕೊಂಡಳು.
ಆಗ ಬಂತು ಬೀಸುವ ಪದ,
ಟೇಪು ಮುಗಿದ ಮೇಲೂ ನಿಲ್ಲಲಿಲ್ಲ.

ಕ್ಯಾಸೆಟ್ಟಿನವನು ಕುಮಾರಿ ಜೇನಿ ಅಂತ ಅಚ್ಚು ಹಾಕಿಸಿದ,
ಮೇಲಿನ ಚಿತ್ರ ಬೇರೆ ಯಾವಳದೋ.
ಒಂದು ಸೀರೆ, ನೂರೈವತ್ತು ರೂಪಾಯಿ.
ತಿಪಟೂರಿನ ಬಸ್ಸಲ್ಲಿ ಅದೇ ಹಾಡು ಬರುತ್ತಿರುವಾಗ
ಕಂಡಕ್ಟರು ತಾಳ ಹಾಕುತ್ತಲೇ
ಅವಳಿಗೆ ಟಿಕೆಟ್ ಹರಿದ.

ಗಂಡ ಸತ್ತ ವರ್ಷ ಬಾಯಿ ಕಟ್ಟಿದಳು.
ಮರುವರ್ಷ ಸಾವಿನ ಮನೆಗಳಿಂದಲೇ ಕರೆ,
ರಾತ್ರಿಯಿಡೀ ತತ್ವಪದ.
"ಹೆಣದ ಮುಂದೆ ಹಾಡೋದು ವಾಸಿ ಕಣೋ,
ಒನ್ಸ್‌ಮೋರ್ ಅನ್ನೋರಿಲ್ಲ."

ಈಗ ಗಂಟಲಲ್ಲೊಂದು ಹೊಲಿಗೆ.
ಮಾತು ಬರೀ ಗಾಳಿ, ಮಜ್ಜಿಗೆ ಬೇಕಿದ್ದರೆ ಬೆರಳು.
ಆಪರೇಷನ್ನಿಗೆ ಮುಂಚೆ ನಗರಸಭೆಯವರು ಹಾಡಿಸಿದ್ದೊಂದು ಉಳಿದಿದೆ.
ಬೆಳಗ್ಗೆ ಆರೂಮುಕ್ಕಾಲಿಗೆ ತಿರುವಿನಲ್ಲಿ ಕಸದ ಗಾಡಿ,
ಹಸಿಯದು ಬೇರೆ, ಒಣದು ಬೇರೆ, ತಾರವ್ವ ತಾರೆ,
ಆ ಬಾಣಾವರದ ಬೈಗುಳದ್ದೇ ಧಾಟಿ.
ಎರಡು ಬಕೆಟ್ಟು ಹಿಡಿದು ಅವಳು ಬಾಗಿಲಿಗೆ ಬರುತ್ತಾಳೆ.
"ಬೇಗ ಹಾಕಜ್ಜಿ" ಅನ್ನುತ್ತಾನೆ ಡ್ರೈವರ್ ಹುಡುಗ.
ಅವನಿಗೇನು ಗೊತ್ತು.

ನಿನ್ನೆ ನಾನೂ ಅಲ್ಲಿದ್ದೆ.
ಉದ್ದವಾಯಿತೆಂದು ಎರಡನೇ ಚರಣ ಕತ್ತರಿಸಿದ್ದರು;
ಹಾಡು ಮತ್ತೆ ಮೊದಲಿಗೆ ತಿರುಗುವಲ್ಲಿ
ಅವಳ ತುಟಿ ಮಾತ್ರ ಮುಂದಕ್ಕೆ ಹೋಯಿತು,
ಮೂಗು, ಗಡಿಯಾರ, ಕೋಟು...
ಅಷ್ಟರಲ್ಲಿ ಗಾಡಿ ಹೊರಟಿತು.
ಅದರ ನೆತ್ತಿಯ ಮೇಲಿನ ಸ್ಪೀಕರನ್ನು ದಿಟ್ಟಿಸಿ,
ಖಾಲಿ ಬಕೆಟ್ಟು ಕಂಕುಳಿಗೆ ಸಿಕ್ಕಿಸಿ,
ನನ್ನ ಕಡೆ ತಿರುಗಿ, ಹೆಬ್ಬೆರಳು ಕಿರುಬೆರಳು ಅಗಲಿಸಿ
ಕೈಯನ್ನು ಕೆಳಗೆ ಮಾಡಿದಳು.

ನಾನು ಜೇಬಿನಲ್ಲಿ ತಿರುಪುಳಿ ಹುಡುಕಿದೆ.